ಕ್ಲಾಸಲ್ಲಿ ಡಿಜಿಟಲ್ ಕಥೆನಾ, ಮಷೀನ್ ಲರ್ನಿಂಗಾ?

ಮಕ್ಕಳು ಪಾಠದಲ್ಲಿ ಮನಸ್ಸಿಟ್ಟು ಕೂರೋಕೆ ಡಿಜಿಟಲ್ ಕಥೆ (ಫೋಟೋಗೆ ದನಿ ಸೇರ್ಸಿ ಮಾಡೋ ಪುಟ್ಟ ವಿಡಿಯೋ) ಒಳ್ಳೇದಾ, ಮಷೀನ್ ಲರ್ನಿಂಗ್ (ಉದಾಹರಣೆ ನೋಡಿ ಕಂಪ್ಯೂಟರ್ ಕಲಿಯೋದು) ಒಳ್ಳೇದಾ ಅನ್ನೋ ಪ್ರಶ್ನೆ ಇದ್ರೆ, ಮೊದ್ಲು ನಿಮ್ಮತ್ರ ಎಷ್ಟು ಟೈಮ್ ಇದೆ ನೋಡಿ. ಎರಡು ಮೂರು ನಿಮಿಷದ ಡಿಜಿಟಲ್ ಕಥೆಗೂ ಸ್ಕ್ರಿಪ್ಟ್ ಬರೀಬೇಕು, ಫೋಟೋ ಜೋಡಿಸ್ಬೇಕು, ಸ್ವಂತ ದನಿಲಿ ರೆಕಾರ್ಡ್ ಮಾಡ್ಬೇಕು, ಸುಮಾರು ಪೀರಿಯಡ್ ಹಿಡಿಯುತ್ತೆ. ಆದ್ರೆ ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿ ತನ್ನ ದನಿ ತಾನೇ ಕೇಳಿ, ಸರಿ ಬಂದಿಲ್ಲ ಅಂತ ಅದೇ ಸಾಲು ನಾಲ್ಕು ಸಲ ಓದ್ತಾಳಲ್ಲ, ಆ ಹಠ ಬೇರೆ ಯಾವ್ದ್ರಿಂದ್ಲೂ ಬರಲ್ಲ ಅನ್ಸುತ್ತೆ ನಂಗೆ.

ಮಷೀನ್ ಲರ್ನಿಂಗ್‌ಗೆ ಗೂಗಲ್‌ನ ಟೀಚಬಲ್ ಮಷೀನ್ ಅನ್ನೋ ವೆಬ್‌ಸೈಟ್ ಇದೆ, ಫ್ರೀ, ಕೋಡಿಂಗ್ ಬೇಡ, ಒಂದೇ ಪೀರಿಯಡ್ ಸಾಕು. ಎಲೆಗಳನ್ನ ಕ್ಯಾಮೆರಾಗೆ ತೋರ್ಸಿ ಯಾವ ಎಲೆ ಅಂತ ಗುರುತಿಸೋಕೆ ಅದಕ್ಕೆ ಕಲಿಸಿ (ಇದನ್ನೇ ಮಾಡೆಲ್ ಟ್ರೇನ್ ಮಾಡೋದು ಅಂತಾರೆ), ಹಿಂದಿನ ಗೋಡೆ ಬಣ್ಣ ಬದಲಾಗಿ ಅದೇನಾದ್ರೂ ತಪ್ಪು ಹೇಳಿದ್ರೆ ಯಾಕೆ ಅಂತ ಮಕ್ಳೇ ವಾದಕ್ಕೆ ಇಳೀತಾರೆ, ಕಲಿಕೆ ಇರೋದೇ ಅಲ್ಲಿ. ನೆಟ್ ಬೇಕೇ ಬೇಕು. ಕಥೆಗಾದ್ರೆ ಗುಂಪಿಗೊಂದು ಫೋನ್ ಇದ್ರೆ ನಡಿಯುತ್ತೆ.

ಇನ್ನು ಮಗುವಿನ ಮಟ್ಟ ನೋಡಿ ಪ್ರಶ್ನೆ ಬದಲಾಯಿಸೋ ಪ್ರಾಕ್ಟೀಸ್ ಆ್ಯಪ್‌ಗಳು ಲೆಕ್ಕದಲ್ಲಿ ಹಿಂದೆ ಬಿದ್ದೋರಿಗೆ ಸರಿ, ಮಕ್ಕಳ ಡೇಟಾ ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಮೊದ್ಲೇ ವಿಚಾರಿಸಿ.

ಭಾಷೆ, ಇತಿಹಾಸ ಕಲಿಸೋರು, ಮಾತಿಗೆ ಹಿಂಜರಿಯೋ ಮಕ್ಕಳಿರೋರು ಕಥೆ ಹಿಡೀರಿ. ವಿಜ್ಞಾನದ ಕ್ಲಾಸು, ಟೈಮೂ ಕಮ್ಮಿ ಅಂದ್ರೆ ಎಲೆ ಪ್ರಯೋಗಾನೇ ಮಾಡ್ಸಿ.