ಜೇಬು ನಿಘಂಟು: 'ಅಬ್ಸೆಸ್' ಎದುರು ಎಡವಿತು

ಚಿಕ್ಕಮಗಳೂರಿನ ಸ್ಟೇಷನರಿ ಅಂಗಡಿಯಲ್ಲಿ ಜಾಮಿಟ್ರಿ ಬಾಕ್ಸ್ ಪಕ್ಕದಲ್ಲೇ ಸಿಗುವ ಈ ಇಂಗ್ಲಿಷ್-ಕನ್ನಡ ಜೇಬು ನಿಘಂಟು ನಾಮಪದಕ್ಕೆ ಸಾಕು, ಕ್ರಿಯಾಪದಕ್ಕೆ ಸಾಲದು. 'ಅಬ್ಸೆಸ್' (obsess) ತೆಗೆದು ನೋಡಿ. ಅರ್ಥದ ಜಾಗದಲ್ಲಿರುವುದು ಒಂದೇ: 'ಗೀಳು ಹಿಡಿ'.

ತಪ್ಪಲ್ಲ. ಆದರೆ ಯಾರು ಯಾರನ್ನು ಹಿಡಿದರು ಎಂಬುದೇ ಇಲ್ಲ. ಕನ್ನಡದಲ್ಲಿ ಹಿಡಿಯುವುದು ಗೀಳು, ಸಿಕ್ಕಿಬೀಳುವವನು ಮನುಷ್ಯ. 'ಅವನಿಗೆ ಗೀಳು ಹಿಡಿದಿದೆ' ಎನ್ನಬೇಕು. ಉದಾಹರಣೆ ವಾಕ್ಯ ಕೊಡದಿದ್ದರೆ ಮಕ್ಕಳು 'ಅವನು ಗೀಳನ್ನು ಹಿಡಿದನು' ಎಂದು ಬರೆದುಬಿಡುತ್ತಾರೆ, ಕೋಳಿ ಹಿಡಿದ ಹಾಗೆ! 'ಅಬ್ಸೆಸ್'ನ ಮೂಲ ಲ್ಯಾಟಿನ್ ಪದವೂ ಎದುರು ಕೂತು ಮುತ್ತಿಗೆ ಹಾಕುವ ಮಾತು. ಮನಸ್ಸು ಕೋಟೆ, ಯೋಚನೆ ದಂಡು. ಹಾಗಾಗಿ ಯೋಚನೆ ಕರ್ತೃವಾದಾಗ 'ಕಾಡು' ಸರಿಯಾಗಿ ಕೂರುತ್ತದೆ: 'ಆ ಮಾತು ಅವಳನ್ನು ಕಾಡುತ್ತಿದೆ'.

ಸಮಾನಾರ್ಥಕಗಳ ಸಾಲು ಇನ್ನೂ ಬಡಕಲು. 'ಗುಂಗು' ಇಲ್ಲವೇ ಇಲ್ಲ. ಮಾರ್ಚ್‌ನಲ್ಲಿ ಗಿಡದ ಹೂ ಅರಳಿಸುವ ಹೂಮಳೆಗೆ ಕಾಯುವ ಕಾಫಿ ಬೆಳೆಗಾರನಿಗೆ ಇರುವುದು ಗೀಳಲ್ಲ, ಮಳೆಯದೇ ಗುಂಗು. ಮಳೆ ಬಿದ್ದರೆ ಇಳಿಯುತ್ತದೆ. ಗೀಳು ಹಾಗೆ ಇಳಿಯದು. ಕೈ ತೊಳೆದದ್ದೇ ತೊಳೆಯುವ ಕಾಯಿಲೆಗೂ ಅದೇ ಪದ, ಆದ್ದರಿಂದ ಕ್ರಿಕೆಟ್ ಪ್ರೀತಿಗೆ 'ಹುಚ್ಚು' ಎಂದರೇ ಮೇಲು. 'ಕೊರಗು' ಕೊಟ್ಟಿದ್ದಾರೆ, ಅದು ದುಃಖದ್ದು. 'ಮೆಲುಕು ಹಾಕು' ಹೆಚ್ಚಾಗಿ ಸವಿನೆನಪಿಗೆ ಸಲ್ಲುತ್ತದೆ.

ಅಚ್ಚು ಸಣ್ಣದು. ಹೊಲಿಗೆಯಿಲ್ಲದ ಅಂಟಿನ ಬೈಂಡಿಂಗ್, ಮಲೆನಾಡಿನ ಮಳೆಗಾಲದ ಶೀತಕ್ಕೆ ಬಿಟ್ಟುಕೊಳ್ಳುತ್ತದೆ. ಕೊಳ್ಳುವ ಮೊದಲು ನಡುವಿನ ಪುಟ ಅಗಲಿಸಿ ನೋಡಿ.