ಚಿತ್ರ ಒಗಟಿನ ವರ್ಕ್‌ಶೀಟ್ ಸೆಟ್: ಬೆಂಕಿಕಡ್ಡಿ ಹಾಳೆಗಾಗಿಯಾದರೂ ತಗೊಳ್ಳಿ

ನಾನು ಬಿ.ಎಡ್. ಕಾಲೇಜಿನಲ್ಲಿ ಗಣಿತ ಬೋಧನೆ ಹೇಳಿಕೊಡುತ್ತೇನೆ. ಮೊದಲ ವರ್ಷದವರಿಗೆಂದು ಈ ಸೆಟ್ ತರಿಸಿದೆ. 40 ಹಾಳೆ, 250 ರೂಪಾಯಿ. ಎರಡು ತಿಂಗಳು ಬಳಸಿ ಬರೆಯುತ್ತಿದ್ದೇನೆ.

ಯಾಕೆ ಬೇಕಿತ್ತು ಅಂದರೆ, ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಲೆಕ್ಕ ಮಾಡಲು ಬರುತ್ತದೆ, ತೋರಿಸಲು ಬರುವುದಿಲ್ಲ. ಮುಕ್ಕಾಲರಲ್ಲಿ ಮೂರನೇ ಎರಡು ಭಾಗ ಎಷ್ಟು ಅಂದರೆ ಮೇಲಿನದನ್ನೂ ಕೆಳಗಿನದನ್ನೂ ಗುಣಿಸಿ ಥಟ್ಟನೆ ಅರ್ಧ ಅನ್ನುತ್ತಾರೆ. ಚಿತ್ರ ಬರೆದು ತೋರಿಸಿ ಅಂದರೆ ಚಾಕ್‌ಪೀಸ್ ಹಿಡಿದು ನಿಂತುಬಿಡುತ್ತಾರೆ. ಮೊದಲು ವಸ್ತು, ಆಮೇಲೆ ಚಿತ್ರ, ಆಮೇಲೆ ಸಂಕೇತ ಅಂತ ಮನಶ್ಶಾಸ್ತ್ರಜ್ಞ ಬ್ರೂನರ್ ಹೇಳಿದ್ದು ಎಲ್ಲರಿಗೂ ಬಾಯಿಪಾಠ. ಅದು ಕೈಗೆ ಬರಬೇಕಲ್ವಾ?

ಸೆಟ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಬೆಂಕಿಕಡ್ಡಿ ಹಾಳೆ. ಕಡ್ಡಿಯ ಚೌಕಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿವೆ. ಒಂದು ಚೌಕಕ್ಕೆ 4 ಕಡ್ಡಿ, ಎರಡಕ್ಕೆ 7, ಮೂರಕ್ಕೆ 10. ನೂರು ಚೌಕಕ್ಕೆ? 301 ಅಂತ ಎಲ್ಲರಿಗೂ ಬಂತು. ಹಾಳೆ ಅಲ್ಲಿಗೇ ಬಿಡುವುದಿಲ್ಲ, ನೀವು ಹೇಗೆ ಎಣಿಸಿದಿರಿ ಅನ್ನುವುದನ್ನು ಚಿತ್ರದ ಮೇಲೇ ಸುತ್ತು ಹಾಕಿ ತೋರಿಸಿ ಅನ್ನುತ್ತದೆ. ಒಬ್ಬಳು ಮೊದಲ ಒಂಟಿ ಕಡ್ಡಿ ಬಿಟ್ಟು ಮೂರು ಮೂರಕ್ಕೆ ಸುತ್ತು ಹಾಕಿದಳು. ಪಕ್ಕದವನು ಮೇಲೆ 100, ಕೆಳಗೆ 100, ನಿಂತ ಕಡ್ಡಿ 101 ಅಂದ. ಇನ್ನೊಬ್ಬಳು ಚೌಕಕ್ಕೆ ನಾಲ್ಕರಂತೆ 400 ಹಿಡಿದು, ಎರಡೆರಡು ಸಲ ಎಣಿಸಿದ 99 ಕಡ್ಡಿ ಕಳೆದಳು. ನಂದೇ ಸುಲಭ ಅಂತ ಮೂವರೂ ಬೋರ್ಡ್ ಹತ್ತಿರ ವಾದಕ್ಕಿಳಿದರು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಸೂತ್ರ ಬರೆಯಿರಿ ಅಂದೆ, ಮೂರು ಬೇರೆ ಬೇರೆ ಸೂತ್ರ ಬಂದವು, ಬಿಡಿಸಿದರೆ ಮೂರೂ ಒಂದೇ ಆದವು.

ಚುಕ್ಕಿ ಹಾಳೆಯೂ ಚೆನ್ನಾಗಿದೆ. 1, 3, 5, 7 ಚುಕ್ಕಿಗಳನ್ನು ಮೂಲೆಯ ಸುತ್ತ ಜೋಡಿಸುತ್ತಾ ಹೋದರೆ 16 ಚುಕ್ಕಿಯ ಚೌಕ ಆಗುತ್ತದೆ. ರಂಗೋಲಿ ಹಾಕಿ ಬೆಳೆದವರಿಗೆ ಬೇಗ ಹೊಳೆಯಿತು.

ಬೇಸರ ಆಗಿದ್ದು ಹಣ್ಣಿನ ಒಗಟುಗಳಿಂದ. ಮೂರು ಸೇಬು ಕೂಡಿದರೆ 30, ವಾಟ್ಸಾಪ್‌ನಲ್ಲಿ ಬರುತ್ತವಲ್ಲ, ಅಂಥವೇ 12 ಹಾಳೆ ಇವೆ. ಸೇಬಿನ ಜಾಗದಲ್ಲಿ ಸುಮ್ನೆ ಒಂದು ಡಬ್ಬಿ ಬರೆದರೂ ಅದೇ ಲೆಕ್ಕ, ಚಿತ್ರದಿಂದ ಏನೂ ತಿಳಿಯುವುದಿಲ್ಲ. ಅದಕ್ಕಿಂತ ಜಾಸ್ತಿ ತೊಂದರೆ ಅಂದರೆ ಬೀಜಗಣಿತದ ಅಕ್ಷರ ಸಂಖ್ಯೆಯ ಬದಲಿಗೆ ನಿಂತಿದೆ ಅನ್ನುವುದು ತಪ್ಪಿಹೋಗಿ, ಅಕ್ಷರ ಅಂದರೆ ಹಣ್ಣು ಅಂತಲೇ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ಬಣ್ಣ ನೋಡಿ ಬಿಡಿಸುವ ಒಗಟುಗಳೂ ಇವೆ, ಜೆರಾಕ್ಸ್ ಮಾಡಿಸಿದರೆ ಕೆಂಪು ಸೇಬೂ ಹಸಿರು ಸೇಬೂ ಒಂದೇ ಥರ ಕಾಣುತ್ತವೆ.

ಭಿನ್ನರಾಶಿ ಹಾಳೆ ನೋಡಿ ಮಾತ್ರ ಸಿಟ್ಟು ಬಂತು. ವೃತ್ತಕ್ಕೆ ಎರಡು ನೇರ ಗೆರೆ ಎಳೆದು, ಒಂದೇ ಅಗಲದ ಮೂರು ಪಟ್ಟಿ ಮಾಡಿ, ಮೂರನೇ ಒಂದು ಭಾಗ ಅಂತ ಬರೆದಿದ್ದಾರೆ. ನಡುವಿನ ಪಾಲು ದೊಡ್ಡದು! ಶಿಕ್ಷಕರಾಗುವವರ ಕೈಗೆ ಕೊಡುವ ಹಾಳೆಯಲ್ಲಿ ಇದು ಆಗಲೇಬಾರದು. ಉತ್ತರದ ಪುಟದಲ್ಲೂ ಬರೀ ಸಂಖ್ಯೆಗಳಿವೆ, ಬೇರೆ ಬೇರೆ ದಾರಿಗಳ ಚಿತ್ರ ಒಂದೂ ಇಲ್ಲ.

ಹಣ್ಣಿನ ಹಾಳೆ, ಆ ವೃತ್ತದ ಹಾಳೆ ಪಕ್ಕಕ್ಕಿಟ್ಟು ಉಳಿದದ್ದನ್ನು ಬಳಸಿ, ದುಡ್ಡಿಗೆ ಮೋಸ ಇಲ್ಲ. ಪ್ರತಿ ಹಾಳೆಯ ಹಿಂದೆ ಪ್ರಶಿಕ್ಷಣಾರ್ಥಿಗಳಿಂದಲೇ ಒಂದು ಒಗಟು ಬರೆಸಿ. ಕಳೆದ ವಾರ ಏಳನೇ ತರಗತಿಯ ಪಾಠಕ್ಕೆ ಹೋದ ನಮ್ಮ ಹುಡುಗಿ ಬೋರ್ಡ್ ಮೇಲೆ 12 ತುಂಡಿನ ಶೇಂಗಾ ಚಿಕ್ಕಿ ಬರೆದಳು. ಮುಕ್ಕಾಲು ಅಂದರೆ 9 ತುಂಡು, ಅದರಲ್ಲಿ ಮೂರನೇ ಎರಡು ಭಾಗಕ್ಕೆ ಗೆರೆ ಎಳೆಯುತ್ತಿದ್ದಳು. ಅವಳು ಮುಗಿಸುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಮಿಸ್, ಅರ್ಧ ಚಿಕ್ಕಿ!"