ಪಟಾಕಿಗೆ ನಡುಗುವ ನಾಯಿಗೆ ಔಷಧಿ: ಗ್ಯಾಬಪೆಂಟಿನ್, ಟ್ರಾಜೊಡೋನ್ ಮತ್ತು ಉಳಿದವು

ನಿಮ್ಮ ನಾಯಿ ಪಟಾಕಿ ಸದ್ದಿಗೆ ಒಮ್ಮೆ ಬೆಚ್ಚಿ, ಕಿವಿ ನಿಮಿರಿಸಿ, ಮತ್ತೆ ಮಲಗುತ್ತದೆ ಅಂದರೆ ಔಷಧಿಯ ಮಾತೇ ಬೇಡ. ಗಂಟೆಗಟ್ಟಲೆ ನಡುಗುವ, ಜೊಲ್ಲು ಸುರಿಸುವ, ಊಟ ಬಿಡುವ, ಬಚ್ಚಲುಮನೆ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವ, ಗೇಟು ಹಾರಿ ಓಡಿಹೋಗುವ ನಾಯಿ ಇದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಾಳಿ ಅಂಥವಳು. ಬೀದಿಯಿಂದ ಬಂದ ನಾಡತಳಿ, 16 ಕೆಜಿ. ಬೇರೆ ಯಾವುದಕ್ಕೂ ಹೆದರುವವಳಲ್ಲ. ನಾವಿರುವುದು ಮೈಸೂರಿನಲ್ಲಿ, ಗಣೇಶನ ಹಬ್ಬಕ್ಕೆ ಶುರುವಾದ ಸದ್ದು ತುಳಸಿ ಹಬ್ಬದ ತನಕ ಬಿಡುವುದಿಲ್ಲ.

ಅವಳಿಗೆ ಕೊಟ್ಟ ಎಲ್ಲದರಲ್ಲಿ ನನ್ನ ಮೊದಲ ಮಾರ್ಕು ಗ್ಯಾಬಪೆಂಟಿನ್‌ಗೆ. ಇದು ಮನುಷ್ಯರಿಗೆ ಫಿಟ್ಸ್ ಮತ್ತು ನರದ ನೋವಿಗೆ ಕೊಡುವ ಮಾತ್ರೆ. ನಾಯಿಗಳಿಗೆ ಭಯ ಇಳಿಸಲೂ ವೆಟ್‌ಗಳು (ಪಶುವೈದ್ಯರು) ಬರೆಯುತ್ತಾರೆ. ಸದ್ದು ಶುರುವಾಗುವ ಒಂದೂವರೆ-ಎರಡು ಗಂಟೆ ಮೊದಲೇ ಹೊಟ್ಟೆಯಲ್ಲಿರಬೇಕು. ಇದು ಬಹಳ ಮುಖ್ಯ. ನಾಯಿ ಒಮ್ಮೆ ಪೂರ್ತಿ ಗಾಬರಿಯಾದ ಮೇಲೆ ಯಾವ ಮಾತ್ರೆ ಕೊಟ್ಟರೂ ಅರ್ಧ ಕೆಲಸವೂ ಆಗುವುದಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10ರ ಸಮಯ ನಿಗದಿ ಮಾಡಿತು, ಆದರೆ ನಮ್ಮ ಬೀದಿಯಲ್ಲಿ ಕತ್ತಲಾಗುತ್ತಿದ್ದ ಹಾಗೆ ಸರಪಟಾಕಿ ಶುರು. ಹಾಗಾಗಿ ಕಾಳಿಗೆ ಸಂಜೆ ನಾಲ್ಕೂವರೆಗೇ ಇಡ್ಲಿ ತುಂಡಿನೊಳಗೆ ಮಾತ್ರೆ. ಅದಕ್ಕೂ ಮುಂಚೆ ಒಂದು ಸುತ್ತು ವಾಕಿಂಗ್ ಮುಗಿದಿರಬೇಕು. ಆಮೇಲೆ ಹೊರಗೆ ಬಾ ಎಂದರೂ ಅವಳು ಬರುವುದಿಲ್ಲ.

ಕೆಲಸ ಹೇಗೆ? ಅವಳು ಪ್ರಜ್ಞೆ ತಪ್ಪಿ ಬೀಳುವುದಿಲ್ಲ. ಸದ್ದು ಕೇಳಿ ತಲೆ ಎತ್ತುತ್ತಾಳೆ, ನೋಡುತ್ತಾಳೆ, ಮತ್ತೆ ತಲೆ ಇಡುತ್ತಾಳೆ. ಊಟ ಮಾಡುತ್ತಾಳೆ. ಭಯ ಕಡಿಮೆಯಾಗಿದೆ ಅನ್ನುವುದಕ್ಕೆ ನಾನು ನೋಡುವುದು ಅದನ್ನೇ. ತೊಂದರೆ ಅಂದರೆ ಹಿಂಗಾಲು ತೂರಾಡುತ್ತವೆ. ನುಣುಪು ಟೈಲ್ಸ್ ಇರುವ ಮನೆಯಲ್ಲಿ ಜಾರುತ್ತದೆ, ಮೆಟ್ಟಿಲು ಹತ್ತಿಸಲೇಬೇಡಿ. ನಾವು ಹಾಲ್‌ನಲ್ಲಿ ಯೋಗ ಮ್ಯಾಟ್ ಹಾಸುತ್ತೇವೆ. ಮೂತ್ರಪಿಂಡದ ತೊಂದರೆ ಇರುವ ವಯಸ್ಸಾದ ನಾಯಿಗೆ ಇದು ಜಾಸ್ತಿ ಹೊತ್ತು ಮೈಯಲ್ಲಿ ಉಳಿಯುತ್ತದೆ, ಡಾಕ್ಟರಿಗೆ ಅದನ್ನು ಮೊದಲೇ ಹೇಳಿ.

ಇನ್ನೊಂದು ಎಚ್ಚರಿಕೆ ಮೆಡಿಕಲ್ ಶಾಪಿನದ್ದು. ಗ್ಯಾಬಪೆಂಟಿನ್ ಹೆಸರಿನ ಜೊತೆ ನಾರ್ಟ್ರಿಪ್ಟಿಲಿನ್ ಅಥವಾ ಮಿಥೈಲ್‌ಕೋಬಾಲಮಿನ್ ಸೇರಿದ ಮಾತ್ರೆಗಳು ನಮ್ಮಲ್ಲಿ ತುಂಬಾ ಓಡುತ್ತವೆ. ಹೆಸರು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ, ಕೊನೆಯಲ್ಲಿ ಎರಡು ಅಕ್ಷರ ಬೇರೆ ಅಷ್ಟೇ. ನಿಮಗೆ ಬೇಕಾದ್ದು ಬರೀ ಗ್ಯಾಬಪೆಂಟಿನ್. ಸ್ಟ್ರಿಪ್ಪಿನ ಹಿಂದೆ ಓದಿಕೊಂಡೇ ದುಡ್ಡು ಕೊಡಿ. ಸಿರಪ್ ಬೇಕಾದರೆ ಕ್ಸೈಲಿಟಾಲ್ ಇದೆಯಾ ನೋಡಿ. ಮನುಷ್ಯರ ಸಿರಪ್‌ಗಳಲ್ಲಿ ಸಿಹಿಗೆ ಅದನ್ನು ಹಾಕುವುದುಂಟು, ನಾಯಿಗೆ ಅದು ವಿಷ. ಮಾತ್ರೆ ನುಂಗಿಸಲು ಪೀನಟ್ ಬಟರ್ ಬಳಸುವವರೂ ಡಬ್ಬಿಯ ಮೇಲೆ ಅದೇ ಹೆಸರು ಇದೆಯಾ ಹುಡುಕಿ.

ಎರಡನೆಯದು ಟ್ರಾಜೊಡೋನ್. ಮನುಷ್ಯರಲ್ಲಿ ಖಿನ್ನತೆಗೂ ನಿದ್ದೆಗೂ ಕೊಡುವ ಔಷಧಿ. ಇದೊಂದನ್ನೇ ಕೊಟ್ಟಾಗ ಕಾಳಿ ಮಲಗಿದಳು, ಆದರೆ ದೊಡ್ಡ ಸದ್ದಿಗೆ ಎದ್ದು ಸುತ್ತು ಹೊಡೆಯುತ್ತಿದ್ದಳು. ಗ್ಯಾಬಪೆಂಟಿನ್ ಜೊತೆ ಕಡಿಮೆ ಡೋಸಿನಲ್ಲಿ ಸೇರಿಸಿದಾಗ ಚೆನ್ನಾಗಿ ಹೊಂದಿತು. ದೀಪಾವಳಿಯ ಮೂರು ದಿನಕ್ಕೆ ಈಗ ನಮ್ಮದು ಇದೇ ಜೋಡಿ, ಬೇರೆ ಸಣ್ಣಪುಟ್ಟ ಗಲಾಟೆಗೆ ಗ್ಯಾಬಪೆಂಟಿನ್ ಮಾತ್ರ. ನಿಮ್ಮ ನಾಯಿಗೆ ಆತಂಕಕ್ಕೆ ದಿನಾ ಕೊಡುವ ಫ್ಲುಯಾಕ್ಸೆಟಿನ್ ನಡೆಯುತ್ತಿದ್ದರೆ ಅಥವಾ ಕೀಲುನೋವಿಗೆ ಟ್ರಮಡಾಲ್ ಕೊಡುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳದೆ ಟ್ರಾಜೊಡೋನ್ ಸೇರಿಸಬೇಡಿ. ಮೂರೂ ಮಿದುಳಿನ ಸೆರೊಟೋನಿನ್ ಅನ್ನುವ ರಾಸಾಯನಿಕವನ್ನು ಏರಿಸುವಂಥವು, ಒಟ್ಟಿಗೆ ಸೇರಿದರೆ ಜ್ವರ, ನಡುಕ, ಫಿಟ್ಸ್ ತನಕ ಹೋಗಬಹುದು.

ಮೂರನೆಯದು ಆಲ್ಪ್ರಜೋಲಮ್, ಮನುಷ್ಯರಲ್ಲಿ ಆತಂಕಕ್ಕೆ ಕೊಡುವ ಮಾತ್ರೆ. ಬೇಗ ಹತ್ತುತ್ತದೆ, ಅರ್ಧದಿಂದ ಒಂದು ಗಂಟೆ ಸಾಕು. ಕೆಲವು ನಾಯಿಗಳಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಇನ್ನು ಕೆಲವಕ್ಕೆ ಉಲ್ಟಾ ಹೊಡೆಯುತ್ತದೆ, ಸುಮ್ಮನಾಗುವ ಬದಲು ಚಡಪಡಿಸುತ್ತವೆ. ಮೊದಲೇ ಗುರ್ ಅನ್ನುವ ಸ್ವಭಾವ ಇದ್ದರೆ ತಡೆ ಬಿಟ್ಟು ಕಚ್ಚಲೂಬಹುದು. ಕಾಳಿ ಆ ಎರಡನೇ ಗುಂಪಿನವಳು, ರಾತ್ರಿಯೆಲ್ಲ ಮನೆ ತುಂಬ ಓಡಾಡಿದಳು. ಆದರೆ ಅದನ್ನು ನೋಡಿದ್ದು ಪಟಾಕಿಯೇ ಇಲ್ಲದ ಒಂದು ದಿನ. ಯಾವ ಔಷಧಿಯೇ ಆಗಲಿ, ಹಬ್ಬಕ್ಕೆ ಎರಡು-ಮೂರು ವಾರ ಮೊದಲು, ಮನೆಯಲ್ಲಿ ಎಲ್ಲರೂ ಇರುವ ಒಂದು ಭಾನುವಾರ ಕೊಟ್ಟು ನೋಡಬೇಕು ಅನ್ನುವುದು ಇದಕ್ಕೇ. ಎಷ್ಟು ಹೊತ್ತಿಗೆ ಹತ್ತಿತು, ಎಷ್ಟು ಹೊತ್ತಿಗೆ ಇಳಿಯಿತು, ನಡೆಯುವಾಗ ಹೇಗಿತ್ತು, ಎಲ್ಲ ಬರೆದಿಟ್ಟು ಡಾಕ್ಟರಿಗೆ ತೋರಿಸಿದರೆ ಅವರು ಡೋಸ್ ಸರಿಮಾಡುತ್ತಾರೆ. ಆಲ್ಪ್ರಜೋಲಮ್ ಶೆಡ್ಯೂಲ್ ಎಚ್1 ಅನ್ನುವ ಬಿಗಿ ನಿಯಮದ ಔಷಧಿಗಳ ಪಟ್ಟಿಯಲ್ಲಿದೆ, ಚೀಟಿ ಇಲ್ಲದೆ ಅಂಗಡಿಯವರು ಕೊಡುವಂತಿಲ್ಲ, ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಪಶುವೈದ್ಯರ ಚೀಟಿಯಲ್ಲಿ ಸಹಿ, ಸೀಲು, ನೋಂದಣಿ ನಂಬರು ಇದೆಯಾ ಅಲ್ಲೇ ನೋಡಿಕೊಳ್ಳಿ.

ನಾನು ಬೇಡವೇ ಬೇಡ ಅನ್ನುವುದು ಅಸೆಪ್ರೊಮಜಿನ್ ಅನ್ನುವ ಮಂಪರು ಔಷಧಿಯೊಂದನ್ನೇ ಕೊಡುವುದನ್ನು. ಹಿಂದೆ ಎಲ್ಲರೂ ಇದನ್ನೇ ಕೊಡುತ್ತಿದ್ದರು, ಈಗಲೂ ಕೆಲವರು ಕೊಡುತ್ತಾರೆ. ನಾಯಿ ಅಲ್ಲಾಡದೆ ಬಿದ್ದಿರುತ್ತದೆ, ನಮಗೆ ಸಮಾಧಾನ. ಒಳಗೆ ಭಯ ಹಾಗೇ ಇರುತ್ತದೆ, ಸದ್ದು ಇನ್ನೂ ಚುಚ್ಚುತ್ತದೆ, ಓಡಿಹೋಗಲು ಕಾಲು ಮಾತ್ರ ಬರುವುದಿಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಕೋಲಿ ಜಾತಿಯ ನಾಯಿಗಳಲ್ಲಿ ಕೆಲವಕ್ಕೆ ಎಂಡಿಆರ್1 ಅನ್ನುವ ಜೀನ್ ದೋಷವಿದ್ದು, ಅವುಗಳಿಗೆ ಇದರ ಮಂಪರು ಇನ್ನೂ ಜಾಸ್ತಿ. ಹಾಗೆಯೇ ಅಕ್ಕಪಕ್ಕದವರು "ಒಂದು ಅವಿಲ್ ಕೊಡಿ, ಮಲಗುತ್ತೆ" ಅನ್ನುತ್ತಾರೆ. ಅದು ಅಲರ್ಜಿಯ ಮಾತ್ರೆ. ತೂಕಡಿಕೆ ಬರಬಹುದು, ಭಯಕ್ಕೆ ಅದರಲ್ಲಿ ಏನೂ ಇಲ್ಲ.

ಸದ್ದಿನ ಭಯಕ್ಕೆಂದೇ ಮಾಡಿದ ಔಷಧಿಯೂ ಇದೆ. ಸಿಲಿಯೊ ಅನ್ನುವ ಜೆಲ್‌ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಒಳಗಿರುವುದು ಡೆಕ್ಸ್‌ಮೆಡಿಟೊಮಿಡಿನ್, ಕೆನ್ನೆ ಮತ್ತು ಒಸಡಿನ ನಡುವೆ ಹಚ್ಚಬೇಕು, ನುಂಗಿದರೆ ಕೆಲಸ ಮಾಡುವುದಿಲ್ಲ, ಹಚ್ಚುವವರು ಗ್ಲೌಸ್ ಹಾಕಲೇಬೇಕು. ಇಲ್ಲಿನ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ಅಮೆರಿಕದಲ್ಲಿರುವ ನಮ್ಮವರು ಜುಲೈ 4ರ ಸ್ವಾತಂತ್ರ್ಯ ದಿನದ ಪಟಾಕಿಗೆ ಮುಂಚೆ ತಮ್ಮ ವೆಟ್ ಹತ್ತಿರ ಕೇಳಬಹುದು.

ಇನ್ನು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾಮಿಂಗ್ ಡ್ರಾಪ್ಸ್, ಗಿಡಮೂಲಿಕೆ ಟಾನಿಕ್, ಫೆರೊಮೋನ್ (ನಾಯಿಗೆ ಸಮಾಧಾನ ಕೊಡುತ್ತದೆ ಅನ್ನುವ ವಾಸನೆ) ಸ್ಪ್ರೇ, ಮೈಗೆ ಬಿಗಿಯಾಗಿ ಸುತ್ತುವ ಜಾಕೆಟ್. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು 1,225 ನಾಯಿ ಮಾಲೀಕರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಸರ್ವೆ ಇದೆ. ಡಾಕ್ಟರು ಬರೆದ ಔಷಧಿ ಉಪಯೋಗವಾಯಿತು ಅಂದವರು ಸುಮಾರು 69%. ಜಾಕೆಟ್‌ಗೆ 44%. ಗಿಡಮೂಲಿಕೆ, ಫೆರೊಮೋನ್, ಹೋಮಿಯೋಪತಿ ಎಲ್ಲ 27ರಿಂದ 35%ರ ಒಳಗೆ, ಅಂದರೆ ಏನೂ ಇಲ್ಲದ ಮಾತ್ರೆ ಕೊಟ್ಟರೂ ಹೆಚ್ಚು ಕಡಿಮೆ ಅಷ್ಟು ಜನ ಪರವಾಗಿಲ್ಲ ಅನ್ನುತ್ತಾರೆ. ಡ್ರಾಪ್ಸ್ ಬಾಟಲಿಗೆ ನಾನು ಕೊಟ್ಟ ದುಡ್ಡು ಗ್ಯಾಬಪೆಂಟಿನ್ ಸ್ಟ್ರಿಪ್ಪಿಗಿಂತ ಜಾಸ್ತಿ, ಕಾಳಿಗೆ ಅದರಿಂದ ಆದದ್ದು ಏನೂ ಇಲ್ಲ. ಜಾಕೆಟ್ ಮಾತ್ರ ಸ್ವಲ್ಪ ಇಷ್ಟಪಟ್ಟಳು, ಮಾತ್ರೆಯ ಜೊತೆ ಈಗಲೂ ಹಾಕುತ್ತೇವೆ.

ಅದೇ ಸರ್ವೆಯಲ್ಲಿ ಔಷಧಿಗಿಂತಲೂ ಒಂದು ಕೂದಲೆಳೆ ಮೇಲೆ ಬಂದದ್ದು ತಿಂಡಿ: ಪ್ರತಿ ಸದ್ದಿನ ಹಿಂದೆಯೇ ನಾಯಿಗೆ ತುಂಬಾ ಇಷ್ಟವಾದದ್ದನ್ನು ಕೊಡುವುದು, ಅಥವಾ ಆಟ ಆಡಿಸುವುದು. ಸದ್ದು, ಕೋಳಿ ತುಂಡು. ಸದ್ದು, ಕೋಳಿ ತುಂಡು. ಭಯದಲ್ಲಿ ತಿನ್ನದ ನಾಯಿಗೆ ಇದು ಹೇಗೆ ಸಾಧ್ಯ ಅಂದರೆ, ಮಾತ್ರೆ ಬೇಕಾಗುವುದು ಅಲ್ಲೇ. ಮಾತ್ರೆ ಭಯ ಇಳಿಸಿದರೆ ತಿನ್ನುತ್ತದೆ, ತಿಂದರೆ ಕಲಿಯುತ್ತದೆ. ಮೈಸೂರಿನವರಿಗೆ ಇದು ಹೊಸದಲ್ಲ, ದಸರೆಗೆ ಮುಂಚೆ ಆನೆ, ಕುದುರೆಗಳನ್ನು ನಿಲ್ಲಿಸಿ ಪೊಲೀಸರು ಕುಶಾಲತೋಪಿನ (ಹಬ್ಬಕ್ಕೆ ಹಾರಿಸುವ ಫಿರಂಗಿ) ತಾಲೀಮು ಮಾಡುವುದನ್ನು ನೋಡಿದ್ದೇವೆ ಅಲ್ವಾ. ಜಂಬೂಸವಾರಿಯ ದಿನವೇ ಮೊದಲ ತೋಪು ಕೇಳಿಸಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಮನೆಯಲ್ಲಿ ತೋಪು ಬೇಡ, ಫೋನಿನಲ್ಲಿ ಪಟಾಕಿ ಸದ್ದನ್ನು ತೀರಾ ಸಣ್ಣಗೆ ಹಾಕಿ, ನಾಯಿ ತಲೆ ಕೆಡಿಸಿಕೊಳ್ಳದಷ್ಟು ಸಣ್ಣಗೆ, ವಾರಗಳ ಮೇಲೆ ಮೆಲ್ಲಗೆ ಏರಿಸಬೇಕು. ಹಬ್ಬದ ಹಿಂದಿನ ವಾರ ಶುರು ಮಾಡಿದರೆ ಆಗುವುದಿಲ್ಲ. ಯುಗಾದಿಗೆ ಶುರು ಮಾಡಿ.

ಹೆದರಿದ ನಾಯಿಯನ್ನು ತಬ್ಬಿಕೊಂಡರೆ ಭಯ ಜಾಸ್ತಿಯಾಗುತ್ತದೆ ಅನ್ನುವ ಮಾತು ಸುಳ್ಳು. ಅದು ಬಂದು ಒರಗಿದರೆ ಕೂರಿಸಿಕೊಳ್ಳಿ. ಮಂಚದ ಕೆಳಗೇ ಇರುತ್ತೇನೆ ಅಂದರೆ ಎಳೆಯಬೇಡಿ.

ಮೊದಲೆಲ್ಲ ಸುಮ್ಮನಿದ್ದ ನಾಯಿ ವಯಸ್ಸಾದ ಮೇಲೆ ಇದ್ದಕ್ಕಿದ್ದಂತೆ ಸದ್ದಿಗೆ ಹೆದರಲು ಶುರು ಮಾಡಿದರೆ ಸೊಂಟ, ಮಂಡಿ ನೋವು ಇದೆಯಾ ಪರೀಕ್ಷೆ ಮಾಡಿಸಿ. ನೋವಿರುವ ನಾಯಿ ಬೆಚ್ಚಿದಾಗ ಮೈ ಬಿಗಿಯುತ್ತದೆ, ಇನ್ನೂ ನೋಯುತ್ತದೆ, ಸದ್ದು ಅಂದರೆ ನೋವು ಅಂತಾಗುತ್ತದೆ. ಅದಕ್ಕೆ ಬೇಕಾದ್ದು ನೋವಿನ ಔಷಧಿ.

ಇಲ್ಲಿ ಡೋಸ್ ಬರೆದಿಲ್ಲ, ಕೇಳಬೇಡಿ. ತೂಕ, ವಯಸ್ಸು, ಬೇರೆ ಕಾಯಿಲೆ ನೋಡಿ ಡಾಕ್ಟರೇ ಹೇಳಬೇಕು. ಹೋದಾಗ ಒಂದು ಪ್ರಶ್ನೆ ಮರೆಯದೆ ಕೇಳಿ: ಸಂಜೆ ಕೊಟ್ಟ ಮೇಲೆ ಮತ್ತೆ ಎಷ್ಟು ಗಂಟೆಗೆ ಕೊಡಬಹುದು? ನರಕ ಚತುರ್ದಶಿಯ ಪಟಾಕಿ ಬೆಳಗಿನ ಜಾವಕ್ಕೇ ಶುರು, ಆ ಹೊತ್ತಿಗೆ ಹಿಂದಿನ ಸಂಜೆಯ ಮಾತ್ರೆ ಇಳಿದಿರುತ್ತದೆ. ಅದನ್ನು ಚೀಟಿಯಲ್ಲೇ ಬರೆಸಿಕೊಂಡು ಬನ್ನಿ.